ಮೇ ತಿಂಗಳ ಮೀನು, ಜುಲೈ ತಿಂಗಳ ರೇಟು

ಒಣಮೀನಿನ ವ್ಯಾಪಾರ ಹೊರಗಿನಿಂದ ನೋಡುವವರಿಗೆ ಬಹಳ ಸುಲಭ. ಮೇ ತಿಂಗಳಲ್ಲಿ ಮಲ್ಪೆ ಬಂದರಿನಲ್ಲಿ ಸಣ್ಣ ಮೀನಿನ ರೇಟು ಇಳಿದ ದಿನ ನೋಡಿ ಖರೀದಿಸುವುದು, ಉಪ್ಪು ಹಾಕಿ ಒಣಗಿಸುವುದು, ಕಟ್ಟಿ ಇಡುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ಹಸಿ ಮೀನು ಮುಟ್ಟಿದರೆ ಕೈ ಸುಡುತ್ತದೆ, ಆಗ ಒಣಮೀನಿಗೆ ಕೇಳಿದ್ದೇ ರೇಟು. ಮೀನು ಮಾರುವ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ಇವರಲ್ಲಿ ತೀರಾ ಬಡವರಾದವರು ಜೂನ್ ಮೊದಲ ವಾರದಲ್ಲೇ ಮೂಟೆ ಸಮೇತ ದಲ್ಲಾಳಿಗೆ ಕೊಟ್ಟುಬಿಡುತ್ತಾರೆ. ಯಾಕೆ?

ನಾನು ಉಡುಪಿಯಲ್ಲಿ ಬಹಳ ವರ್ಷ ಪಿಗ್ಮಿ ಕಲೆಕ್ಷನ್, ಅಂದರೆ ಜನರಿದ್ದಲ್ಲಿಗೇ ಹೋಗಿ ಬ್ಯಾಂಕಿಗೆ ದಿನದ ಉಳಿತಾಯ ಒಟ್ಟುಮಾಡುವ ಕೆಲಸ, ಮಾಡಿದವಳು. ಬೆಳಿಗ್ಗೆ ಮಾರ್ಕೆಟ್, ಮಧ್ಯಾಹ್ನ ಅಂಗಡಿ ಸಾಲು, ಸಂಜೆ ಮನೆಗಳು. ಮಂಡಿ ಸವೆದ ಮೇಲೆ ಆ ಕೆಲಸ ಬಿಟ್ಟೆ, ಬೇರೆಯವರ ಲೆಕ್ಕ ಕೇಳುವ ಚಾಳಿ ಬಿಡಲಿಲ್ಲ. ಈಗ ಕೆಲವು ಹೆಂಗಸರ ಮನೆಗೆ ವಾರಕ್ಕೊಮ್ಮೆ ಹೋಗಿ ಅವರ ವ್ಯಾಪಾರದ ಪುಸ್ತಕ ನೋಡುತ್ತೇನೆ. ಅದರಲ್ಲಿ ಮಲ್ಪೆ ಬದಿಯ ಒಬ್ಬಳ ವಿಷಯ ಇದು. ಗಂಡ ಇಲ್ಲ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ.

ಅವಳ ಪುಸ್ತಕ ಅಂದರೆ ಮಗನ ಹಳೇ ಗಣಿತದ ನೋಟ್‌ಬುಕ್ಕಿನ ಹಿಂಬದಿ. ಖರೀದಿ, ಉಪ್ಪು, ರಿಕ್ಷಾ ಬಾಡಿಗೆ ಎಲ್ಲ ಸಾಲಾಗಿ ಬರೆದಿದ್ದಳು. ಜೂನ್‌ನ ಪುಟದಲ್ಲಿ ಮಾತ್ರ ಒಂದೇ ಸಾಲು: ‘ಎಲ್ಲಾ ಕೊಟ್ಟೆ’. ಕೇಳಿದರೆ ಸಿಟ್ಟೇ ಬಂತು ಅವಳಿಗೆ. “ಅಕ್ಕಾ, ಶಾಲೆ ಸುರುವಾಗುದು ಯಾವಾಗ? ಮಾಡಿಗೆ ಟಾರ್ಪಾಲು ಹಾಕುದು ಯಾವಾಗ? ಅತ್ತೆಗೆ ಕೆಮ್ಮು ಜೋರಾಗುದು ಯಾವಾಗ?” ಮೂರಕ್ಕೂ ಉತ್ತರ ಜೂನ್. ಸಾಲದ್ದಕ್ಕೆ, ಮೀನು ಖರೀದಿಗೆಂದು ತಂದ ಸಾಲದ ಕಂತು ಮುಂದಿನ ವಾರದಿಂದಲೇ ಶುರು, ಪ್ರತಿ ವಾರ. ಲಾಭ ಬರುವುದು ಜುಲೈಯಲ್ಲಿ, ಕಂತು ಕಟ್ಟುವುದು ಮೇಯಿಂದ. ಈ ಸಾಲ ಕೊಟ್ಟವರಿಗೆ ಮೀನಿನ ವಿಷಯ ಗೊತ್ತಿಲ್ಲವೋ, ಗೊತ್ತಿದ್ದೂ ಬೇಡವೋ, ದೇವರೇ ಬಲ್ಲ.

ಹೀಗೆ ವ್ಯಾಪಾರದ ಬಂಡವಾಳವನ್ನು ಮನೆಯೇ ತಿಂದುಬಿಡುತ್ತದೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಮೈಕ್ರೋಫೈನಾನ್ಸ್ ಮಾಡುತ್ತಿದ್ದವರೇ, ತೀರಾ ಬಡ ಹೆಂಗಸರು ಸಾಲದ ಹತ್ತಿರಕ್ಕೂ ಬರುತ್ತಿಲ್ಲ ಅಂತ ನೋಡಿ 2002ರಲ್ಲಿ ಬೇರೆ ದಾರಿ ಹಿಡಿದರು. ಹಸುವೋ, ಆಡೋ, ಅಂಗಡಿ ಸಾಮಾನೋ ದಾನವಾಗಿ ಕೊಡುವುದು. ಅದು ಆದಾಯ ಕೊಡುವವರೆಗೆ ಊಟಕ್ಕೆ ಒಂದಿಷ್ಟು ದುಡ್ಡು. ತರಬೇತಿ, ಉಳಿತಾಯ, ಜೊತೆಗೆ ತಪ್ಪದೆ ಮನೆಗೆ ಬಂದು ವಿಚಾರಿಸುವ ಒಬ್ಬ ಮನುಷ್ಯ. ಹೆಚ್ಚುಕಮ್ಮಿ ಎರಡು ವರ್ಷ. ಭಾರತವೂ ಸೇರಿ ಆರು ದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಇದ್ದರು. 2019ರಲ್ಲಿ ನೊಬೆಲ್ ಬಂತಲ್ಲ, ಅವರೇ. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷ ಕಳೆದು ನೋಡಿದಾಗಲೂ ಇದರ ಫಲ ಉಳಿದಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಬಹಳ ಮನೆಯವರು ಕೋಳಿ ಆರಿಸಿಕೊಂಡರು, ಕೋಳಿಗೆ ರೋಗ ಬಂತು, ಅಲ್ಲಿಗೆ ಮುಗಿಯಿತು. ನನಗೆ ಆ ಕೋಳಿಗಳ ಕಥೆಯೇ ಹೆಚ್ಚು ಉಪಯೋಗಕ್ಕೆ ಬಂದದ್ದು. ಒಣಮೀನಿಗೂ ಬೂಷ್ಟು, ಹುಳ ಹಿಡಿಯುತ್ತದಲ್ಲ!

ಅದಕ್ಕೆ ಮದ್ದು ಹೇಳಿಕೊಟ್ಟವಳು ನಾನಲ್ಲ, ಅಲ್ಲೇ ಆಚೆ ಮನೆಯ ಅಜ್ಜಿ. ಮರಳಿನ ಮೇಲೆ ಹರಡುವುದು ಬಿಟ್ಟು ಹಳೇ ಬಲೆಯನ್ನು ಕಂಬಕ್ಕೆ ಬಿಗಿದು ಅದರ ಮೇಲೆ ಒಣಗಿಸು, ಅಡಿಯಿಂದಲೂ ಗಾಳಿ ಆಡುತ್ತದೆ, ಹಲ್ಲಿಗೆ ಮರಳು ಸಿಗದ ಮೀನಿಗೆ ರೇಟೂ ಉಂಟು. ಮುರಿದರೆ ‘ಟಕ್’ ಅನ್ನಬೇಕು, ಬಾಗಿದರೆ ಇನ್ನೊಂದು ಬಿಸಿಲು. ಮೂಟೆ ನೆಲಕ್ಕೆ ತಾಗಕೂಡದು, ಹಲಗೆ ಹಾಕು.

ನನ್ನ ಪಾಲಿನ ಕೆಲಸ ಎರಡು ಡಬ್ಬಿಯದ್ದು. ಕೆಂಪು ಮುಚ್ಚಳದ್ದು ಮನೆಗೆ, ನೀಲಿ ಮುಚ್ಚಳದ್ದು ಮೀನಿಗೆ. ಶಾಲೆಯ ಖರ್ಚು, ಟಾರ್ಪಾಲು, ಅಕ್ಕಿ ಎಲ್ಲ ಕೆಂಪು ಡಬ್ಬಿಯಿಂದ. ಅದಕ್ಕೆ ದುಡ್ಡು ಎಲ್ಲಿಂದ ಅಂದರೆ ಜನವರಿಯಿಂದಲೇ ದಿನದ ಚಿಲ್ಲರೆ, ಮತ್ತು ಗೃಹಲಕ್ಷ್ಮಿಯ 2,000 ರೂಪಾಯಿ. ‘ಬಿಟ್ಟಿ ದುಡ್ಡು ಕೊಟ್ಟು ಜನರನ್ನು ಸೋಮಾರಿ ಮಾಡಿದರು’ ಅಂತ ಬಸ್ಸಿನಲ್ಲಿ ಭಾಷಣ ಬಿಗಿಯುವವರನ್ನು ಒಮ್ಮೆ ಆ ಮನೆಗೆ ಕರಕೊಂಡು ಹೋಗಬೇಕು ಅಂತ ನನಗೆ ಆಸೆ. ಮೂಟೆ ಜುಲೈವರೆಗೆ ಮನೆಯಲ್ಲೇ ಉಳಿದದ್ದು ಆ ದುಡ್ಡಿನಿಂದ. ತುಳುನಾಡಿನ ಆಟಿ ತಿಂಗಳ ಜಡಿಮಳೆಯಲ್ಲಿ ಮನೆ ಮನೆಗೆ ಬುಟ್ಟಿ ಹೊತ್ತು ಮಾರಿದಳು, ಸಾಲ ತೀರಿಸಿದಳು, ಮರುವರ್ಷ ಸಾಲ ತೆಗೆಯಲಿಲ್ಲ.

ದಿನದ ಚಿಲ್ಲರೆ ಅಂದೆನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುಮಾಡಿದ್ದು ಇಂಥವರಿಗೇ. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ಸೇರಿಹೋಯಿತು. ಈಗ ಫೋನಿನಲ್ಲೇ ಆರ್‌ಡಿ (ಕಂತಿನ ಠೇವಣಿ) ಕಟ್ಟಬಹುದು, ಸರಿ. ಆದರೆ ಫೋನು “ನಿನ್ನೆ ಯಾಕೆ ಕಟ್ಟಲಿಲ್ಲ ಮಾರಾಯ್ತಿ, ಮಗುವಿಗೆ ಹುಷಾರಿಲ್ಲವಾ?” ಅಂತ ಕೇಳುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಸ್ವಸಹಾಯ ಸಂಘಗಳಿಗೆ ಬರವಿಲ್ಲ. ಆದರೆ ವಾರದ ಉಳಿತಾಯ ಕಟ್ಟಲಾಗದವಳು ಸಂಘಕ್ಕೆ ಬರುವುದೇ ಇಲ್ಲ, ಬಂದರೂ ನಾಚಿಕೆಯಿಂದ ಬಿಡುತ್ತಾಳೆ. ಬೀಡಿ ಕಟ್ಟುವವರಲ್ಲಿ, ಕೊರಗ ಸಮುದಾಯದ ಮನೆಗಳಲ್ಲಿ ಇಂಥವರನ್ನು ಕಂಡಿದ್ದೇನೆ. ಸಭೆ ಕರೆದರೆ ಸಿಗುವವರಲ್ಲ ಇವರು, ನಾವೇ ಅವರ ಅಂಗಳಕ್ಕೆ ಹೋಗಬೇಕು. ಹೋಗುವವರಿಗೆ ಸಂಬಳ ಕೊಡುವವರು ಯಾರು ಅಂತ ನಮ್ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ನನ್ನಂಥ ನಿವೃತ್ತರ ಪುಕ್ಕಟೆ ಮಂಡಿಗಳನ್ನು ನಂಬಿ ಇದು ನಡೆಯುವುದಿಲ್ಲ.

ಉತ್ತರ ಕೆನ್ಯಾದ ಬರಡು ಸೀಮೆಯಲ್ಲಿ ಬೋಮಾ ಎಂಬ ಸಂಸ್ಥೆ ಮೂರು ಮೂರು ಹೆಂಗಸರನ್ನು ಸೇರಿಸಿ ಒಂದೊಂದು ವ್ಯಾಪಾರ ಹಾಕಿಸುತ್ತದೆ, ಮೆಂಟರ್ ಕೂಡ ಕೊಡುತ್ತದೆ. ಅದನ್ನು ನಮ್ಮ ಒಣಮೀನಿನವಳಿಗೆ ಹೇಳಿದ್ದೇ ತಡ, ನಾದಿನಿಯನ್ನೂ ಬೀಡಿ ಕಟ್ಟುವ ಒಬ್ಬಳನ್ನೂ ಸೇರಿಸಿಕೊಂಡು ಬರುವ ಮೇಗೆ ದೊಡ್ಡ ಖರೀದಿ ಮಾಡುವ ಅಂದಳು. ನಾದಿನಿ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಸ್ಟಾಕ್ ಇಡುವ ಕೋಣೆಯ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬಲ್ಲಿಗೆ ಮಾತು ನಿಂತಿದೆ. ಸೋಮವಾರ ಮೂವರನ್ನೂ ಕೂರಿಸಿ ಕೇಳುವವಳಿದ್ದೇನೆ.