ಪಾಲ್, ಎನ್‌ಟಿಎಸ್‌ಸಿ ಡಿಸ್ಕ್‌ಗಳ ಕೆಲಸ: ಇಲ್ಲಿವರೆಗೆ ಆಗಿದ್ದು

ಮನೆಯ ಹಳೇ ಡಿವಿಡಿಗಳೆಲ್ಲ ಚೆನ್ನಾಗಿ ಕಾಣುವ ಹಾಗೆ ಮಾಡಬೇಕು ಅಂತ ಹಿಡಿದ ಕೆಲಸ ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ಪ್ಲೇಯರ್ ಒಂದು, ಟಿವಿ ಎರಡು. ಒಂದು 21 ಇಂಚಿನ ಹಳೇ ಡಬ್ಬಾ ಟಿವಿ, ಇನ್ನೊಂದು ಎಲ್‌ಇಡಿ. ಪಾಲ್, ಎನ್‌ಟಿಎಸ್‌ಸಿ ಅಂದರೆ ಟಿವಿ ಚಿತ್ರದ ಎರಡು ಹಳೇ ಪದ್ಧತಿಗಳು. ನಮ್ಮ ದೇಶದಲ್ಲಿದ್ದದ್ದು ಪಾಲ್, ಅಮೆರಿಕದಲ್ಲಿದ್ದದ್ದು ಎನ್‌ಟಿಎಸ್‌ಸಿ. ಆದರೂ ಇಲ್ಲೇ ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಲ್ಲಿ ಬಹಳಷ್ಟು ಎನ್‌ಟಿಎಸ್‌ಸಿ. ಅದೇ ಡಿಸ್ಕ್ ಅಮೆರಿಕದಲ್ಲೂ ಓಡಬೇಕಿತ್ತಲ್ವಾ, ಅಲ್ಲಿನ ಟಿವಿಗಳಿಗೆ ಪಾಲ್ ಹಿಡಿಸುತ್ತಿರಲಿಲ್ಲ. ನಮ್ಮ ಕಡೆ ಹೆಚ್ಚಿನ ಕಲರ್ ಟಿವಿಗಳು ಎರಡನ್ನೂ ತೋರಿಸುತ್ತಿದ್ದವು.

ಮೊದಲು ನೋಡಿದ್ದು ಪ್ಲೇಯರ್‌ನ ಸೆಟಪ್ ಮೆನು. ಅದರಲ್ಲಿ ಟಿವಿ ಟೈಪ್ ಅಂತ ಇರುತ್ತೆ: ಪಾಲ್, ಎನ್‌ಟಿಎಸ್‌ಸಿ, ಆಟೋ. ಕೆಲವು ಪ್ಲೇಯರ್‌ಗಳಲ್ಲಿ ಆಟೋ ಬದಲು ಮಲ್ಟಿ ಅಂತ ಇರುತ್ತೆ. ಅಂಗಡಿಯಿಂದ ಬಂದಾಗಿನಿಂದ ಪಾಲ್‌ನಲ್ಲೇ ಇತ್ತು. ಹೀಗಿದ್ದಾಗ ಎನ್‌ಟಿಎಸ್‌ಸಿ ಡಿಸ್ಕ್ ಹಾಕಿದರೆ ಪ್ಲೇಯರ್ ಒಳಗೇ ಕೂತು ಬದಲಾಯಿಸುತ್ತೆ. ಡಿಸ್ಕ್‌ನ ಚಿತ್ರದಲ್ಲಿ 480 ಅಡ್ಡಗೆರೆ, ಹೊರಗೆ ಹೋಗಬೇಕಾದ್ದು 576. ಅಂದರೆ ಪ್ರತಿ 5 ಗೆರೆಯಿಂದ 6 ಗೆರೆ ಹುಟ್ಟಿಸಬೇಕು. ಸೆಕೆಂಡಿಗೆ ಹತ್ತಿರ ಹತ್ತಿರ 60 ಫೀಲ್ಡ್ (ಒಂದು ಬಿಟ್ಟು ಒಂದು ಗೆರೆ ಇರುವ ಅರ್ಧ ಚಿತ್ರ) ಬರುತ್ತೆ, ಕಳಿಸಬೇಕಾದ್ದು 50, ಹಾಗಾಗಿ ಆರಕ್ಕೊಂದನ್ನು ಸುಮ್ನೆ ಬಿಸಾಡುತ್ತೆ.

ಇದರ ಪರಿಣಾಮ ಎಲ್ಲಿ ಕಾಣುತ್ತೆ ಅಂದರೆ ಸಿನಿಮಾ ಶುರುವಿನ ಹೆಸರುಗಳಲ್ಲಿ. ಕನ್ನಡ ಅಕ್ಷರದ ತಲೆಕಟ್ಟು ಅಡ್ಡಗೆರೆ ತಾನೇ, ಹೆಸರುಗಳು ಮೇಲಕ್ಕೆ ಹೋಗುತ್ತಿದ್ದ ಹಾಗೆ ಅದು ಒಮ್ಮೆ ದಪ್ಪ, ಒಮ್ಮೆ ತೆಳ್ಳಗೆ ಆಗುತ್ತಾ ಮಿಣುಕುತ್ತೆ. ಕೆಳಗಿನ ಒತ್ತಕ್ಷರ ಕಲಸಿಹೋಗುತ್ತೆ. ಕ್ಯಾಮೆರಾ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗುವ ಕಡೆ ಸಣ್ಣ ಸಣ್ಣ ಜಗ್ಗಾಟ. ಆಟೋ ಅಂದರೆ ಡಿಸ್ಕ್‌ನಲ್ಲಿರುವುದನ್ನು ಹಾಗೇ ಕಳಿಸುವುದು. ಅದಕ್ಕೆ ಬದಲಾಯಿಸಿದ ಕೂಡಲೇ ತಲೆಕಟ್ಟಿನ ಮಿಣುಕು ನಿಂತಿತು. ಡಬ್ಬಾ ಟಿವಿಯೂ ಎನ್‌ಟಿಎಸ್‌ಸಿಯನ್ನು ಬಣ್ಣದ ಸಮೇತ ಹಿಡಿಯಿತು. ಹಳದಿ ಪಿನ್ ತೆಗೆದು ಹಸಿರು-ನೀಲಿ-ಕೆಂಪು ಪಿನ್‌ಗಳ ವೈರಿನಲ್ಲಿ ಎಲ್‌ಇಡಿಗೆ ಕೊಟ್ಟ ಮೇಲೆ ಬಣ್ಣ ಅಂಚಿನಿಂದ ಆಚೆ ಹರಡುವುದೂ ನಿಂತಿದೆ.

ಜಗ್ಗಾಟ ಪೂರ್ತಿ ಹೋಯಿತಾ? ಇಲ್ಲ. ಸಿನಿಮಾ ತೆಗೆದಿರುವುದು ಸೆಕೆಂಡಿಗೆ 24 ಫ್ರೇಮ್ (ಪೂರ್ತಿ ಚಿತ್ರ). ಎನ್‌ಟಿಎಸ್‌ಸಿಯಲ್ಲಿ ಒಂದು ಫ್ರೇಮ್‌ಗೆ 2 ಫೀಲ್ಡ್, ಮುಂದಿನದಕ್ಕೆ 3, ಹೀಗೆ ಹಂಚಿ 60 ತುಂಬಿಸುತ್ತಾರೆ, ಆ ಸಣ್ಣ ಏರುಪೇರು ಇದ್ದೇ ಇರುತ್ತೆ. ಪಾಲ್ ಡಿಸ್ಕ್‌ನಲ್ಲಿ ಇದಿಲ್ಲ. ಅಲ್ಲಿ 24 ಅನ್ನು 25ರ ವೇಗಕ್ಕೆ ಓಡಿಸಿಬಿಡುತ್ತಾರೆ. 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತೆ, ಧ್ವನಿಯನ್ನು ಸರಿಪಡಿಸದಿದ್ದರೆ ಶ್ರುತಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿ ಮೇಲೇರುತ್ತೆ. ಹಾಡು ಬಾಯಿಪಾಠ ಆಗಿರೋರಿಗೆ ಇದು ತಕ್ಷಣ ಗೊತ್ತಾಗುತ್ತೆ. ನನಗಂತೂ ಹಾಡುಗಳಿರುವ ಸಿನಿಮಾ ಎನ್‌ಟಿಎಸ್‌ಸಿಯಲ್ಲೇ ಇಷ್ಟ. ಜಗ್ಗಾಟ ಕಣ್ಣಿಗೆ ರೂಢಿಯಾಗುತ್ತೆ, ಶ್ರುತಿ ಆಗಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮೂರಿನ ಬಯಲಾಟದ ಡಿಸ್ಕ್‌ಗಳು. ಮದುವೆ ವಿಡಿಯೋ ಮಾಡುವವರಿಂದ ಮಾಡಿಸಿದ್ದು, ಪಾಲ್ ಕ್ಯಾಮೆರಾ. ಇದರಲ್ಲಿ ಸೆಕೆಂಡಿಗೆ 50 ಬೇರೆ ಬೇರೆ ಕ್ಷಣಗಳಿವೆ, ಸಿನಿಮಾದ ಹಾಗೆ 24 ಅಲ್ಲ. ವೇಷಧಾರಿ ಧೀಂಗಿಣ (ಸುತ್ತುತ್ತಾ ಜಿಗಿಯುವ ಕುಣಿತ) ಹಾಕುವಾಗ ಡಬ್ಬಾ ಟಿವಿಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ ಅಂದರೆ, ಗಾಳಿಯಲ್ಲಿ ಕಾಲು ಮಡಚುವುದು, ನೆಲ ಮುಟ್ಟುವುದು ಎಲ್ಲ ಬಿಡಿಬಿಡಿಯಾಗಿ ಸಿಗುತ್ತೆ. ಫೀಲ್ಡ್‌ಗಳನ್ನು ಬಂದ ಹಾಗೇ ಒಂದಾದ ಮೇಲೊಂದು ತೋರಿಸುವ ಟಿವಿ ಅದು. ಎಲ್‌ಇಡಿ ಎರಡು ಫೀಲ್ಡ್ ಸೇರಿಸಿ ತೋರಿಸಬೇಕು, ಅಲ್ಲಿ ಕಿರೀಟದ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳುತ್ತೆ.

ಇದೇ ಆಟದ ಇನ್ನೊಂದು ಡಿಸ್ಕ್ ಇದೆ. ಅಮೆರಿಕದಲ್ಲಿರುವ ಭಾವನಿಗೆ ಕಳಿಸಲು ಅಂತ ಆಗ ಎನ್‌ಟಿಎಸ್‌ಸಿಗೆ ಮಾಡಿಸಿದ್ದು. ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಎಷ್ಟೋ ಫ್ರೇಮ್‌ಗಳಲ್ಲಿ ಎರಡು ಕ್ಷಣ ಬೆರೆತಿವೆ, ಒಬ್ಬ ವೇಷಧಾರಿಗೆ ಎರಡು ಕಿರೀಟ, ಒಂದು ಗಟ್ಟಿ, ಒಂದು ಮಸುಕು. 576 ಗೆರೆಯಲ್ಲಿ 96 ಹೋಗಿವೆ. ಡಿಸ್ಕ್‌ಗೆ ಬರೆಯುವಾಗಲೇ ಹೀಗಾಗಿರೋದರಿಂದ ಯಾವ ಪ್ಲೇಯರ್ ತಂದರೂ ಇದು ಸರಿಹೋಗಲ್ಲ. ಅದಕ್ಕೇ ಈ ಡಿಸ್ಕನ್ನು ಪಕ್ಕಕ್ಕಿಟ್ಟು ಪಾಲ್ ಡಿಸ್ಕಿನಿಂದಲೇ ಹೊಸದಾಗಿ ತೆಗೆಯುತ್ತಿದ್ದೇನೆ. ಒಂದೊಂದು ಫೀಲ್ಡನ್ನೂ ಪೂರ್ತಿ ಫ್ರೇಮ್ ಮಾಡಿ ಸೆಕೆಂಡಿಗೆ 50 ಫ್ರೇಮಿನ ಫೈಲ್. ಫೀಲ್ಡ್‌ಗಳ ಕ್ರಮ ಸರಿಯಾಗಿ ಕೊಡದಿದ್ದರೆ ಕುಣಿತ ಹಿಂದೆ ಮುಂದೆ ನಡುಗುತ್ತೆ, ಅದನ್ನು ಮೊದಲು ಚಿಕ್ಕ ತುಂಡಿನಲ್ಲಿ ನೋಡಿಕೊಳ್ಳಬೇಕು.

ಮೊದಲ ಪ್ರಸಂಗದ ಒಡ್ಡೋಲಗದವರೆಗೆ (ಪಾತ್ರಗಳು ರಂಗಕ್ಕೆ ಬರುವ ಭಾಗ) ಆಗಿದೆ, ಕಿರೀಟ ಒಂದೇ ಇದೆ, ಅಂಚೂ ಸೀಳಿಲ್ಲ. ಚಂಡೆಯ ಪೆಟ್ಟಿಗೂ ಹೆಜ್ಜೆಗೂ ತಾಳೆ ಇದೆ. ಉಳಿದದ್ದನ್ನು ರಾತ್ರಿ ಓಡಲು ಬಿಡುತ್ತೇನೆ. ಭಾವನ ಟಿವಿ ಪೆನ್‌ಡ್ರೈವ್‌ನಿಂದ 50 ಫ್ರೇಮಿನ ಫೈಲನ್ನು ಜಗ್ಗದೆ ಓಡಿಸುತ್ತಾ ಅಂತ ನೋಡಲು ಒಂದು ಪುಟ್ಟ ತುಂಡು ಕಳಿಸಿದ್ದೇನೆ.