ಸಾಂತಾಕ್ಲಾಸ್ ಆರಾಮಾಗಿದ್ದಾನೆ

ಅಮೆರಿಕದ ಅಧ್ಯಕ್ಷರ ಹೆಸರಿನ ಲೈಬ್ರರಿಯಲ್ಲಿ ಏನಿರುತ್ತೆ ಅಂತ ಮಗಳು ಕೇಳಿದಳು. ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿ ಹೆಸರಲ್ಲಿ ಬಾಸ್ಟನ್‌ನಲ್ಲಿರುವ ಲೈಬ್ರರಿಯ ಕತೆ ಹೇಳಿದೆ. ಅಧ್ಯಕ್ಷರ ಕಾಲದ ಕಡತ, ಫೋಟೋ, ಕಾಗದಗಳನ್ನೆಲ್ಲ ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

1961ರಲ್ಲಿ ರಷ್ಯಾದವರು ಉತ್ತರ ಧ್ರುವಕ್ಕೆ ಬಾಂಬ್ ಹಾಕ್ತಾರಂತೆ ಅಂತ ಕೇಳಿ ಮಿಷಿಗನ್‌ನ 8 ವರ್ಷದ ಹುಡುಗಿಗೆ ಗಾಬರಿಯಾಯಿತು. ಅಲ್ಲಿ ಸಾಂತಾಕ್ಲಾಸ್ ಇದ್ದಾನಲ್ಲ! ದಯವಿಟ್ಟು ತಡೆಯಿರಿ ಅಂತ ಅಧ್ಯಕ್ಷರಿಗೇ ಕಾಗದ ಬರೆದಳು. ಕೆನಡಿ ಉತ್ತರಿಸಿದರು: ನಿನ್ನೆ ಸಾಂತಾ ಜೊತೆ ಮಾತಾಡಿದೆ, ಆರಾಮಾಗಿದ್ದಾನೆ, ಈ ಕ್ರಿಸ್‌ಮಸ್‌ಗೂ ಬರ್ತಾನೆ.

ಆ ಉತ್ತರದ ಪ್ರತಿ ಈಗಲೂ ಆ ಲೈಬ್ರರಿಯಲ್ಲಿದೆ. ಅಮೆರಿಕ, ರಷ್ಯಾ ಅಣುಯುದ್ಧದ ಅಂಚಿಗೆ ಬಂದಿದ್ದ 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ದಾಖಲೆಗಳಿರುವ ಕಡೆಯಲ್ಲೇ ಒಂದು ಮಗುವಿನ ಭಯಕ್ಕೂ ಜಾಗ ಸಿಕ್ಕಿದೆ. ಚರಿತ್ರೆಯಲ್ಲಿ ಮಕ್ಕಳ ಮಾತು ಉಳಿಯುವುದೇ ಅಪರೂಪ, ಅಲ್ವಾ? ಅದಕ್ಕೇ ನನಗೆ ಈ ಕಾಗದದ ಮೇಲೆ ಜಾಸ್ತಿ ಪ್ರೀತಿ.