ಕೂಗಳತೆಯಷ್ಟು ದೂರದ ಭಯ

ಅಂತಿಮ ವರ್ಷದ ವಿದ್ಯಾರ್ಥಿಗಳು ಮೊದಲ ವಾರ ತಂದುಕೊಟ್ಟ ಶಾಟ್ ಪಟ್ಟಿಗಳು ನನ್ನ ಮೇಜಿನ ಖಾನೆಯಲ್ಲಿ ಇನ್ನೂ ಇವೆ. ಪಾಳು ಬಂಗಲೆ, ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆಯ ಸದ್ದು, ತಾನಾಗಿ ತೆರೆದುಕೊಳ್ಳುವ ಬಾಗಿಲು, ಕೊನೆಯಲ್ಲಿ ಕನ್ನಡಿಯೊಳಗೆ ಇನ್ನೊಂದು ಮುಖ. ಐದು ತಂಡ, ಐದು ಪಟ್ಟಿ. ತಂಡದ ಹೆಸರು ಅಳಿಸಿದರೆ ಯಾವುದು ಯಾರದೆಂದು ಹೇಳಲು ಆಗುತ್ತಿರಲಿಲ್ಲ. ಅದು ಸೆಪ್ಟೆಂಬರ್ ತಿಂಗಳು. ತರಗತಿಯ ಕಿಟಕಿಯಾಚೆ ಮಂಜು ಎದುರಿನ ಕಟ್ಟಡವನ್ನೇ ನುಂಗಿ ಕುಳಿತಿತ್ತು. ಆ ಮಂಜು ಒಂದು ಪಟ್ಟಿಯಲ್ಲೂ ಇರಲಿಲ್ಲ.

ಮಡಿಕೇರಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ವಿಡಿಯೋ ತಯಾರಿಕೆ ಕಲಿಸುತ್ತೇನೆ. ಇಲ್ಲದ ಸಿನಿಮಾ ಒಂದಕ್ಕೆ ಎರಡು ನಿಮಿಷದೊಳಗಿನ ಟ್ರೈಲರ್ ಮಾಡುವುದು ಅವರ ಕೊನೆಯ ಕೆಲಸ. ಅರ್ಧ ಅಂಕ ಟ್ರೈಲರಿಗೆ, ಇನ್ನರ್ಧ ಅದರ ಹಿಂದಿನ ಯೋಜನೆ ಮತ್ತು ಸಂಶೋಧನೆಯ ಕಡತಕ್ಕೆ. ಹಲವು ವರ್ಷ ಆ ಕಡತವನ್ನು ಚಿತ್ರೀಕರಣವೆಲ್ಲ ಮುಗಿದ ಮೇಲೆ, ಸಲ್ಲಿಸುವ ಹಿಂದಿನ ರಾತ್ರಿ ಕುಳಿತು ತುಂಬಿಸುತ್ತಿದ್ದರು. ನನಗೆ ಅದು ಗೊತ್ತಿತ್ತು, ಆದರೂ ಸಹಿ ಹಾಕುತ್ತಿದ್ದೆ. ಕಳೆದ ಬಾರಿ ಹಾರರ್ ಆರಿಸಿಕೊಂಡ ತಂಡಗಳ ಜೊತೆ ನಡೆದ ಮೇಲೆ ನಾನು ಹಾಗೆ ಸಹಿ ಹಾಕುವುದನ್ನು ಬಿಟ್ಟೆ.

ಮೊದಲು ಪಟ್ಟಿಗಳನ್ನು ಬದಿಗಿಡಿಸಿ ಟ್ರೈಲರುಗಳನ್ನು ನೋಡಲು ಕೂರಿಸಿದೆ. ಒಂದೊಂದನ್ನು ಮೂರು ಸಲ ನೋಡಬೇಕು: ಒಮ್ಮೆ ಹಾಗೆಯೇ, ಒಮ್ಮೆ ಧ್ವನಿ ಮುಚ್ಚಿ, ಒಮ್ಮೆ ಪರದೆಗೆ ಬೆನ್ನು ತಿರುಗಿಸಿ ಕೇವಲ ಕಿವಿಯಿಂದ. ಕೈಯಲ್ಲಿ ಗಡಿಯಾರ, ಎದುರಿಗೆ ನಾಲ್ಕು ಅಂಕಣದ ಹಾಳೆ: ಎಷ್ಟನೆಯ ಸೆಕೆಂಡು, ಏನು ಕಾಣಿಸಿತು, ಏನು ಕೇಳಿಸಿತು, ಏನನ್ನು ಬಚ್ಚಿಟ್ಟರು. ಮೂರನೆಯ ಸಲ ಮುಗಿಯುವಷ್ಟರಲ್ಲಿ ಅವರಿಗೇ ಲೆಕ್ಕ ಸಿಕ್ಕಿತ್ತು. ಆರಂಭದ ಶಾಟುಗಳು ನಿಧಾನ, ಕೊನೆಗೆ ಬರುವಾಗ ಒಂದೊಂದೂ ಕಣ್ಣು ಮಿಟುಕಿಸುವಷ್ಟು ಚಿಕ್ಕದು. ದೊಡ್ಡ ಹೆದರಿಕೆಗೆ ಸ್ವಲ್ಪ ಮುಂಚೆ ಸದ್ದು ಪೂರ್ತಿ ಕುಸಿಯುತ್ತದೆ. ನಾಲ್ಕನೆಯ ಅಂಕಣ ತುಂಬಿದಷ್ಟೂ ಟ್ರೈಲರ್ ಗಟ್ಟಿ.

1960ರ ‘ಸೈಕೋ’ ಚಿತ್ರದ ಟ್ರೈಲರನ್ನು ಅವರಿಗೆ ತೋರಿಸಿದ್ದು ಈ ನಾಲ್ಕನೆಯ ಅಂಕಣಕ್ಕಾಗಿಯೇ. ಆರು ನಿಮಿಷಕ್ಕೂ ಹೆಚ್ಚು ಹೊತ್ತು ನಿರ್ದೇಶಕ ಹಿಚ್‌ಕಾಕ್ ತಾನೇ ಮನೆ ತೋರಿಸುವವನಂತೆ ಖಾಲಿ ಕೋಣೆಗಳಲ್ಲಿ ಓಡಾಡುತ್ತಾನೆ. ಮೆಟ್ಟಿಲು ತೋರಿಸುತ್ತಾನೆ, ಮಂಚ ತೋರಿಸುತ್ತಾನೆ, ಸ್ನಾನದ ಮನೆಗೆ ಬರುತ್ತಾನೆ. ಕೊನೆಯ ಕ್ಷಣದಲ್ಲಿ ಪರದೆ ಸರಿದು ಚೀರುವ ಹೆಂಗಸು ಸಿನಿಮಾದಲ್ಲಿ ಆ ಜಾಗದಲ್ಲಿ ಸಾಯುವ ನಟಿಯಲ್ಲ, ಬೇರೆ ಪಾತ್ರದ ನಟಿ ವೆರಾ ಮೈಲ್ಸ್. ಖಾಲಿ ಕೋಣೆಯೊಂದು ಇಷ್ಟು ಹೆದರಿಸಬಲ್ಲದು ಎಂದು ಹುಡುಗರು ಸುಮ್ಮನಾದರು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಸಾರ್, ನಮ್ಮ ಕಡೆ ಖಾಲಿ ಕೋಣೆ ಎಂದರೆ ಯಾವುದು?” ನನ್ನ ಬಳಿ ಉತ್ತರ ಇರಲಿಲ್ಲ. ಸಂಶೋಧನೆ ಶುರುವಾದದ್ದು ಅಲ್ಲಿಂದ.

ಅವರು ಮಾಡಿದ ಮೊದಲ ಪ್ರಶ್ನಾವಳಿ ಯಾವ ಪ್ರಯೋಜನಕ್ಕೂ ಬರಲಿಲ್ಲ. “ನಿಮಗೆ ಹಾರರ್ ಸಿನಿಮಾ ಇಷ್ಟವೇ?”, “ನಿಮಗೆ ಯಾವುದಕ್ಕೆ ಭಯ?” ಎಂದು ಮೊಬೈಲಿನಲ್ಲಿ ಕಳಿಸಿದ್ದರು. ಉತ್ತರಿಸಿದವರೆಲ್ಲ ನಮ್ಮದೇ ಕಾಲೇಜಿನವರು. ದೆವ್ವ, ಕತ್ತಲೆ, ಹಾವು, ಪರೀಕ್ಷೆ. ಯಾವುದಕ್ಕೆ ಭಯ ಎಂದು ನೇರವಾಗಿ ಕೇಳಿದರೆ ಮನುಷ್ಯ ಸಿನಿಮಾದಲ್ಲಿ ನೋಡಿದ ಭಯವನ್ನೇ ಎತ್ತಿಕೊಡುತ್ತಾನೆ. ಪ್ರಶ್ನೆಯನ್ನು ತಿರುಗಿಸಿ, ಕಾಲೇಜಿನಿಂದ ಹೊರಗೆ ಹೋಗಿ ಕೇಳಿ ಎಂದೆ: ಭಯವಾಗದಿರಲಿ ಎಂದು ನೀವು ಏನು ಮಾಡುತ್ತೀರಿ?

ಒಂದು ತಂಡ ನಾಪೋಕ್ಲು ಕಡೆಯ ಐನ್ ಮನೆಗೆ ಹೊರಟಿತು. ತಂಡದ ಹುಡುಗನ ತಾತ, ಮುತ್ತಾತಂದಿರ ಮನೆ. ಅಂಗಳದ ಪಕ್ಕದಲ್ಲಿ ಕೈಮಡ ಇದೆ, ಒಕ್ಕದ, ಅಂದರೆ ಆ ಮನೆತನದ, ಹಿರಿಯರಿಗೆ ನಡೆದುಕೊಳ್ಳುವ ಪುಟ್ಟ ಗುಡಿ. ಅವರ ಕಥೆಯಲ್ಲಿ ದೆವ್ವ ಹೊರಬರುವುದು ಅಲ್ಲಿಂದಲೇ. ನಾನು ಆ ಸಾಲನ್ನು ಓದಿಯೂ ಏನೂ ಹೇಳಿರಲಿಲ್ಲ, ಜೊತೆಗೆ ಹೋಗಿದ್ದೆ ಅಷ್ಟೆ. ಹುಡುಗನ ಅಜ್ಜಿ ನಮಗೆ ಕಾಫಿ ಕೊಟ್ಟು, ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಅವರಿಗೆ ನಾವು ಎಲೆ ಹಾಕಿ ಬಡಿಸುತ್ತೇವೆ. ಊಟಕ್ಕೆ ಕರೆದ ಹಿರಿಯರನ್ನು ಯಾರಾದರೂ ಹೆದರಿಕೆಗೆ ಬಳಸುತ್ತಾರೆಯೇ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗನಿಗೆ ಇದು ತಿಳಿಯದೆ ಹೋಯಿತೇ ಎಂಬ ನೋವಿತ್ತು. ಕೊಡವರ ಮನೆಯಲ್ಲಿ ತೀರಿಕೊಂಡ ಹಿರಿಯ ಮನೆಬಿಟ್ಟು ಹೋಗುವುದಿಲ್ಲ. ಮೂಲ ಪುರುಷನನ್ನು ಗುರು ಕಾರಣ ಎಂದು ನೆನೆಯುತ್ತಾರೆ, ಒಳ್ಳೆಯ ಕೆಲಸಕ್ಕೆ ಮೊದಲು ನಡುಮನೆಯ ದೀಪದ ಮುಂದೆ ನಿಂತು ಅವನನ್ನು ಕರೆಯುತ್ತಾರೆ. ಸತ್ತವರೆಲ್ಲ ಹೆದರಿಸಲು ಬರುತ್ತಾರೆ ಎಂಬುದು ನಾವು ಬೇರೆ ಊರಿನ ಸಿನಿಮಾಗಳಿಂದ ತಂದುಕೊಂಡ ಲೆಕ್ಕ. ಅದನ್ನು ಈ ಅಂಗಳದಲ್ಲಿ ಇಟ್ಟರೆ ತಪ್ಪು ಮಾತ್ರವಲ್ಲ, ಅದರಿಂದ ಇಲ್ಲಿ ಯಾರಿಗೂ ಭಯವೂ ಆಗುವುದಿಲ್ಲ. ಆ ಕಥೆಯನ್ನು ಅವತ್ತೇ ಬಿಟ್ಟೆವು. ದೇವರಕಾಡಿನಲ್ಲಿ ಚಿತ್ರೀಕರಿಸಬೇಕೆಂದಿದ್ದ ಇನ್ನೊಂದು ತಂಡ, ಹೇಳದೆಯೇ ತನ್ನ ಪಟ್ಟಿಯನ್ನು ಹಿಂದಕ್ಕೆ ಪಡೆಯಿತು.

ನಮಗೆ ಬೇಕಾದದ್ದು ಸಿದ್ದಾಪುರ ಕಡೆಯ ಒಂದು ಲೈನ್ ಮನೆಯಲ್ಲಿ, ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಸಿಕ್ಕಿತು. ಖಾಲಿ ಕೋಣೆಯ ಪ್ರಶ್ನೆ ಕೇಳಿದ ಹುಡುಗಿಯ ಅಮ್ಮ ಅಲ್ಲಿನ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ಆ ಭಾಗದಲ್ಲಿ ಕಾಡಾನೆಗಳು ತೋಟಗಳಲ್ಲೇ ತಂಗುತ್ತವೆ. ನೀರಿದೆ, ನೆರಳಿದೆ, ಮಳೆಗಾಲಕ್ಕೆ ಹಲಸಿನ ಹಣ್ಣಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿಕೊಳ್ಳುವುದು ಅಲ್ಲಿ ಹಲ್ಲುಜ್ಜಿದಷ್ಟೇ ಸಹಜ. ಭಯವಾಗದಿರಲು ಏನು ಮಾಡುತ್ತೀರಿ ಎಂದು ಮಗಳೇ ಕೇಳಿದಳು. ಅಮ್ಮ ಒಲೆಗೆ ಸೌದೆ ತಳ್ಳುತ್ತಲೇ ಹೇಳುತ್ತಾ ಹೋದರು, ನಾವು ಬರೆದುಕೊಂಡೆವು.

ಜೋರಾಗಿ ಮಾತಾಡಿಕೊಂಡು ಹೋಗುತ್ತೇವೆ. ಕೆಮ್ಮುತ್ತೇವೆ. ಕತ್ತಿಯಿಂದ ಮರಕ್ಕೆ ಬಡಿಯುತ್ತೇವೆ. ಆನೆ ನಡೆಯುವ ಸದ್ದು ಕೇಳುವುದಿಲ್ಲ, ಅದರ ಪಾದ ಹತ್ತಿಯಿಟ್ಟ ಹಾಗೆ. ಸೊಪ್ಪು ಮುರಿಯುವುದು ಕೇಳುತ್ತದೆ, ಹೊಟ್ಟೆಯ ಗುಡುಗುಡು ಕೇಳುತ್ತದೆ. “ಸೊಪ್ಪು ಮುರಿಯುವ ಸದ್ದು ನಿಂತರೆ ಅದು ಹೋಯಿತು ಅಂತ ಅಲ್ಲ ಸಾರ್. ನಮ್ಮನ್ನು ನೋಡುತ್ತಾ ನಿಂತಿದೆ ಅಂತ.” ಗಿಡಗಳ ಮರೆಯಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲವಾದ್ದರಿಂದ ಆಗಾಗ “ಕೂ” ಎಂದು ಕೂಗುತ್ತೇವೆ, ಆ ಕಡೆಯಿಂದಲೂ “ಕೂ” ಎಂದು ಬರಬೇಕು. ಕೂಗಳತೆ ಮೀರಿ ಯಾರೂ ಹೋಗುವುದಿಲ್ಲ.

ಕೂಗಳತೆ! ದೂರವನ್ನು ಮನುಷ್ಯನ ದನಿಯಿಂದ ಅಳೆಯುವ ಈ ಮಾತನ್ನು ನಾನು ಜೀವಮಾನವಿಡೀ ಬಳಸಿದ್ದೇನೆ. ಅದರೊಳಗೆ ಎಷ್ಟು ಭಯ, ಎಷ್ಟು ಭರವಸೆ ಒಟ್ಟಿಗೆ ಕುಳಿತಿವೆ ಎಂದು ತಿಳಿದದ್ದು ಆ ಒಲೆಯ ಮುಂದೆ. ಹಿಂದಿರುಗುವ ಬಸ್ಸಿನಲ್ಲೇ ಹುಡುಗರು ಕಥೆ ಕಟ್ಟಿದರು. ಅತ್ತಿಗೆ, ನಾದಿನಿ ಇಬ್ಬರೇ ಕಾಫಿ ಹಣ್ಣು ಕೊಯ್ಯಲು ಹೋಗುತ್ತಾರೆ. ನಾದಿನಿ ಕೂಗುತ್ತಾಳೆ, ಉತ್ತರ ಬರುತ್ತದೆ. ಇನ್ನೊಮ್ಮೆ ಕೂಗುತ್ತಾಳೆ, ಉತ್ತರವಿಲ್ಲ. ಮತ್ತೆ, ಇಲ್ಲ. ಹೀಗೆ ಉತ್ತರವಿಲ್ಲದೆ ಮೂರನೆಯ ಸಲ ಕೂಗುವಷ್ಟರಲ್ಲಿ ಅತ್ತಿಗೆ ಹಿಂದಿನಿಂದ ಬಂದು ಅವಳ ಬಾಯಿ ಮುಚ್ಚುತ್ತಾಳೆ. ಇಬ್ಬರೂ ಒಂದೇ ಕಡೆ ನಿಂತಿರುವಾಗ ಇಳಿಜಾರಿನ ಕೆಳಗಿನಿಂದ ಉತ್ತರ ಬರುತ್ತದೆ: “ಕೂ.” ಶೀರ್ಷಿಕೆ: ‘ಕೂಗಳತೆ’.

ಯೋಜನೆಯಲ್ಲಿ ಎಡವಿದ್ದೂ ಇದೆ. ಅಕ್ಟೋಬರ್‌ನಲ್ಲಿ ಇಂಬಳ ಕಚ್ಚಿಸಿಕೊಂಡು ಸ್ಥಳ ನೋಡಿ ಬಂದಾಗ ತೋಟದ ಕಣ ಖಾಲಿಯಿತ್ತು. ಮೊದಲ ಶಾಟ್ ಅಲ್ಲೇ ಎಂದು ಸ್ಟೋರಿಬೋರ್ಡ್ ಬರೆದರು. ಚಿತ್ರೀಕರಣ ಜನವರಿಗೆ ಬಿತ್ತು. ರೊಬಸ್ಟಾ ಕೊಯ್ಲಿನ ಕಾಲ, ಕಣದ ತುಂಬ ಕಾಫಿ ಹರವಿತ್ತು, ಕಾಲಿಡಲು ಜಾಗವಿಲ್ಲ. ತೋಟದ ಊರಿನಲ್ಲಿ ಹುಟ್ಟಿದ ಮಕ್ಕಳಿಗೂ, ಕಲಿಸುವ ನನಗೂ ಇದು ಹೊಳೆಯಲಿಲ್ಲ. ಸ್ಥಳ ನೋಡುವಾಗ ಅದೇ ಹೊತ್ತಿಗೆ ಹೋಗಿ ಎಂದು ಯಾವಾಗಲೂ ಹೇಳುತ್ತಿದ್ದೆ, ಈಗ ಚಿತ್ರೀಕರಣದ ತಿಂಗಳಲ್ಲಿ ಆ ಜಾಗದಲ್ಲಿ ಏನು ಕೆಲಸ ನಡೆಯುತ್ತಿರುತ್ತದೆ ಎಂದೂ ಕೇಳಿಸುತ್ತೇನೆ.

ರಾತ್ರಿ ಚಿತ್ರೀಕರಣಕ್ಕೆ ನಾನು ಒಪ್ಪಲಿಲ್ಲ. ಆನೆ ಓಡಾಡುವ ತೋಟಕ್ಕೆ ಮಕ್ಕಳನ್ನು ಕತ್ತಲಲ್ಲಿ ಕರೆದೊಯ್ಯುವ ಧೈರ್ಯ ಯಾವ ಮೇಷ್ಟರಿಗೂ ಇರಬಾರದು. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷದಷ್ಟು ನೀಲಿ ಬೆಳಕು ಉಳಿಯುತ್ತದೆ. ರಸ್ತೆ ಪಕ್ಕದ ಪಟ್ಟಿಯಲ್ಲೇ, ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು, ಆಕಾಶ ಚೌಕಟ್ಟಿನೊಳಗೆ ಬಾರದಂತೆ, ಬೆಳಕನ್ನು ತಗ್ಗಿಸಿ ತೆಗೆದರೆ ಅದೇ ರಾತ್ರಿಯಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ನಾಲ್ಕು ಶಾಟ್, ಹೆಚ್ಚಿಲ್ಲ. ಹಾಗಾಗಿ ಮೂರು ಸಂಜೆ ಹೋದೆವು. ಲೈನ್ ಮನೆಯೊಳಗಿನ ಟ್ಯೂಬ್‌ಲೈಟಿನಲ್ಲಿ ಮೊಬೈಲಿನ ಚಿತ್ರ ಪಟ್ಟೆಪಟ್ಟೆಯಾಗಿ ಮಿನುಗಿತು. ನಮ್ಮ ವಿದ್ಯುತ್ 50 ಹರ್ಟ್ಸ್, ದೀಪ ಮಿನುಗುವುದೂ ಅದರ ಲೆಕ್ಕದಲ್ಲೇ, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಷಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಎಂದು ಇಟ್ಟ ಮೇಲೆ ಸರಿಹೋಯಿತು. ಜೀರುಂಡೆಯ ಸದ್ದನ್ನು ಅಕ್ಟೋಬರ್‌ನಲ್ಲೇ ಹಿಡಿದಿಟ್ಟುಕೊಂಡದ್ದು ಒಳ್ಳೆಯದಾಯಿತು, ಜನವರಿಯ ಚಳಿಯಲ್ಲಿ ಅವು ಅಷ್ಟು ಕೂಗುವುದಿಲ್ಲ. ಆ ಸದ್ದು ನಿಲ್ಲುವ ಜಾಗದಲ್ಲಿ ಮೊದಲು ಪೂರ್ತಿ ಮೌನ ಇಟ್ಟಿದ್ದರು. ಕೇಳಿದವರು ಸ್ಪೀಕರ್ ಕೆಟ್ಟಿತೆಂದು ತಿರುಗಿ ನೋಡಿದರು. ಅಲ್ಲಿ ಸಿಲ್ವರ್ ಓಕ್ ಎಲೆಯಿಂದ ಇಬ್ಬನಿ ತೊಟ್ಟಿಕ್ಕುವ ಸದ್ದನ್ನು ಸಣ್ಣಗೆ ಸೇರಿಸಿದ ಮೇಲೆ ಮೌನ ಮೌನವಾಯಿತು.

ನನ್ನನ್ನು ಇಂದಿಗೂ ಕಾಡುವ ತಪ್ಪು ಬೇರೆ, ಅದು ನನ್ನದೇ. ಕರಡು ಟ್ರೈಲರಿನ ಆರಂಭ ತೆಳುವಾಗಿದೆ ಎನಿಸಿ, ನಾನೇ ಕುಳಿತು ಒಂದು ಸದ್ದು ಹಾಕಿದೆ. ನೆಲದೊಳಗಿನಿಂದ ಏಳುವ, ಎದೆಗೆ ತಾಗುವಂಥ ದಪ್ಪ ಗುಡುಗು. ಹಾರರ್ ಟ್ರೈಲರುಗಳಲ್ಲಿ ಇದು ಸಾಮಾನ್ಯ. ತರಗತಿಯಲ್ಲಿ ದೀಪ ಆರಿಸಿ ತೋರಿಸಿದೆವು. ಹತ್ತು ಸೆಕೆಂಡೂ ಆಗಿರಲಿಲ್ಲ, ಒಬ್ಬ ಹುಡುಗ ಎದ್ದು ಹೊರಗೆ ಹೋದ. ಅವನು 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜಾರಿದ ಕಡೆಯವನು. ಆಗ ಶಾಲೆಯಲ್ಲಿದ್ದ. ವರಾಂಡದ ಕಂಬಕ್ಕೆ ಒರಗಿ ನಿಂತಿದ್ದವನ ಬಳಿ ಹೋದೆ. “ಅವತ್ತು ಮೊದಲು ಇದೇ ಥರ ಕೇಳಿಸಿತು ಸಾರ್. ಹೆಲಿಕಾಪ್ಟರ್ ಬಂತು ಎಂದು ಅಪ್ಪ ಹೊರಗೆ ಹೋಗಿ ನೋಡಿದರು.” ಅಷ್ಟೇ ಹೇಳಿದ. ಅಪ್ಪ ಬದುಕಿದ್ದಾರೆ, ಮನೆ ಉಳಿಯಲಿಲ್ಲ.

ಆ ಸದ್ದನ್ನು ಅವತ್ತೇ ಅಳಿಸಿದೆ. ನಾನು ಕೊಡಗಿನಲ್ಲಿದ್ದು, ಆ ಮಳೆಯನ್ನು ಕಣ್ಣಾರೆ ಕಂಡು, ಪರಿಹಾರ ಕೇಂದ್ರಗಳಲ್ಲಿ ಚಾಪೆ ಹಾಸಿದವನು. ಅಷ್ಟಿದ್ದೂ ಸದ್ದಿನ ಕಡತದಿಂದ ಅದನ್ನು ಎತ್ತಿಕೊಳ್ಳುವಾಗ ಕೈ ತಡೆಯಲಿಲ್ಲ. ಪ್ರೇಕ್ಷಕರು ಯಾರು ಎಂಬ ಅಂಕಣದಲ್ಲಿ ವಯಸ್ಸು, ಊರು, ಇಷ್ಟದ ಸಿನಿಮಾ ಎಂದೆಲ್ಲ ಬರೆಸಿದ್ದೆ. ನಾವು ಮುಟ್ಟಬಾರದ ಭಯ ಯಾರಲ್ಲಾದರೂ ಇದೆಯೇ ಎಂದು ಒಮ್ಮೆಯೂ ಕೇಳಿಸಿರಲಿಲ್ಲ. ಈಗ ಆ ಪ್ರಶ್ನೆ ಕಡತದ ಮೊದಲ ಪುಟದಲ್ಲಿದೆ. ಅದಕ್ಕೆ ಉತ್ತರವನ್ನು ಹೆಸರಿಲ್ಲದೆ, ಚೀಟಿಯಲ್ಲಿ ಬರೆದು ಕೊಡಬಹುದು. ಆ ಹುಡುಗನನ್ನು ಕೇಳಿದ ಮೇಲೆಯೇ ಟ್ರೈಲರನ್ನು ಮತ್ತೆ ತೋರಿಸಿದ್ದು. ಅವನು ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕುಳಿತು ಪೂರ್ತಿ ನೋಡಿದ.

ಸಲ್ಲಿಸಲು ಎರಡು ದಿನವಿದ್ದಾಗ ಸಿದ್ದಾಪುರಕ್ಕೆ ಹೋಗಿ ಲೈನ್ ಮನೆಯ ಅಮ್ಮನಿಗೂ ತೋರಿಸಿದೆವು. ಅವರ ಮಾತಿನಿಂದ ಹುಟ್ಟಿದ್ದನ್ನು ಅವರು ನೋಡದೆ ಮುಗಿಸುವುದು ನಮಗೆ ಯಾರಿಗೂ ಮನಸ್ಸಿರಲಿಲ್ಲ. ಪಕ್ಕದ ಮನೆಗಳ ಹೆಂಗಸರೂ ಬಂದು ಮೊಬೈಲಿನ ಸುತ್ತ ಬಾಗಿದರು. ಮೊದಲ “ಕೂ”ಗೆ ಒಬ್ಬರು ತಮಗೆ ತಿಳಿಯದೆ ಮೆಲ್ಲಗೆ ಉತ್ತರ ಕೊಟ್ಟರು. ಕೊನೆಯಲ್ಲಿ ಎಲ್ಲರೂ ಬೆಚ್ಚಿದರು. ಆದರೆ ಅಮ್ಮ ಮೊಬೈಲನ್ನು ಕೈಗೆ ತೆಗೆದುಕೊಂಡು ಇನ್ನೊಮ್ಮೆ ಹಾಕಿಸಿದರು.

“ಇವಳು ಮೂರನೇ ಸಲ ಯಾಕೆ ಕೂಗುತ್ತಾಳೆ?” ಎಂದು ಮಗಳನ್ನು ಕೇಳಿದರು. “ಎರಡಕ್ಕೆ ಉತ್ತರ ಬರಲಿಲ್ಲ ಅಂದರೆ ನಾವು ಬಾಯಿ ತೆರೆಯುವುದಿಲ್ಲ. ಬುಟ್ಟಿ ಅಲ್ಲೇ ಬಿಟ್ಟು ರಸ್ತೆಗೆ ಬರುತ್ತೇವೆ.”

ಅವತ್ತು ರಾತ್ರಿ ಮಡಿಕೇರಿಗೆ ಬಂದು ಮತ್ತೆ ಸಂಕಲನಕ್ಕೆ ಕುಳಿತೆವು. ಮೂರನೆಯ ಕೂಗನ್ನು ತೆಗೆದೆವು. ಈಗ ನಾದಿನಿ ಎರಡು ಸಲ ಕೂಗಿ, ಬುಟ್ಟಿ ಇಳಿಸಿ, ಸದ್ದಿಲ್ಲದೆ ಹಿಂದಕ್ಕೆ ಹೆಜ್ಜೆಯಿಡುತ್ತಾಳೆ. ಬೆನ್ನಿಗೆ ಅತ್ತಿಗೆ ಸಿಗುತ್ತಾಳೆ. ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಇಬ್ಬನಿ ತೊಟ್ಟಿಕ್ಕುತ್ತದೆ. ಯಾರೂ ಕೂಗದೆ ಉತ್ತರ ಬರುತ್ತದೆ.